ಹೊಸನಗರದ ಹತ್ತು ನಿಮಿಷ

ಸಾಗರ
6 ಜನವರಿ 2025

ಹೊಸನಗರ ಶಾಖೆಯ ಉಸ್ತುವಾರಿ ಶ್ರೀ ಧರ್ಮಪ್ಪನವರಿಗೆ,

ನಾನು ಬಿಂದುಶ್ರೀ. ಶ್ರೀರಂಗ ಡಾಕ್ಟರ ಲ್ಯಾಬಿನ ಸಾಗರದ ಕಚೇರಿಯಲ್ಲಿ ಕಂಪ್ಯೂಟರುಗಳ ಯೋಗಕ್ಷೇಮ ನೋಡಿಕೊಳ್ಳಲು ಹೋದ ತಿಂಗಳು ಸೇರಿದವಳು. ಕಂಪ್ಯೂಟರಿನವಳು ಕಾಗದ ಬರೆಯುವುದೇ ಎಂದು ನಗಬೇಡಿ. ಕಂಪ್ಯೂಟರಿನಲ್ಲಿ ಏನು ಬದಲಾಯಿಸಿದರೂ ಅದು ಕಾಗದದ ಮೇಲೆ, ಸಹಿಯೊಂದಿಗೆ, ಐಸ್ ಪೆಟ್ಟಿಗೆಯ ಮುಚ್ಚಳದ ಜೇಬಿನಲ್ಲಿ ಹೋಗಿಬರಬೇಕು, ಫೋನು ಇರುವುದು ರಿಪೋರ್ಟ್ ಹೇಳುವುದಕ್ಕೆ ಮಾತ್ರ ಎಂಬುದು ಡಾಕ್ಟರ ನಿಯಮ. ಹಾಗಾಗಿ ಮಧ್ಯಾಹ್ನ ನಿಮ್ಮಿಂದ ರಕ್ತ ತುಂಬಿಕೊಂಡು ಬರುವ ಪೆಟ್ಟಿಗೆ, ಬೆಳಗಿನ ಬಸ್ಸಿನಲ್ಲಿ ಖಾಲಿ ಹಿಂದಿರುಗುವಾಗ ನನ್ನ ಮಾತು ಹೊತ್ತು ತರುತ್ತದೆ.

ವಿಷಯಕ್ಕೆ ಬರುತ್ತೇನೆ. ಸಾಗರ, ಹೊಸನಗರ, ತೀರ್ಥಹಳ್ಳಿ ಸೇರಿ ನಮ್ಮಲ್ಲಿ ಹದಿನಾಲ್ಕು ಕಂಪ್ಯೂಟರು. ಹದಿನಾಲ್ಕಕ್ಕೂ ಹದಿನಾಲ್ಕು ಸ್ವಭಾವ. ಎಲ್ಲವನ್ನೂ ಒಂದೇ ಪಟ್ಟಿಯ ಪ್ರಕಾರ ನಡೆಸುವ ಸಾಫ್ಟ್‌ವೇರ್ ಬರುತ್ತದೆ. ಕಾನ್ಫಿಗರೇಷನ್ ಮ್ಯಾನೇಜ್‌ಮೆಂಟ್ ಎನ್ನುತ್ತಾರೆ. ಅದರಲ್ಲಿ ಎರಡನ್ನು ಹೋಲಿಸಿ, ಯಾವುದು ನಮಗೆ ಆದೀತು ಎಂದು ಫೆಬ್ರವರಿ ಕೊನೆಗೆ ವರದಿ ಕೊಡು ಎಂದಿದ್ದಾರೆ ಡಾಕ್ಟರು. ಅವುಗಳ ಹೆಸರಿಗೆ ನಾಲಿಗೆ ಹೊರಳುವುದಿಲ್ಲವಾದ್ದರಿಂದ ನಾನೇ ನಾಮಕರಣ ಮಾಡಿದ್ದೇನೆ. ಒಂದು ‘ಮನೆಯಾಳು’: ಪ್ರತಿ ಕಂಪ್ಯೂಟರಿನೊಳಗೂ ಒಬ್ಬ ಕೂತಿರುತ್ತಾನೆ, ಅರ್ಧ ಗಂಟೆಗೊಮ್ಮೆ ಎದ್ದು ಪಟ್ಟಿಯಲ್ಲಿ ಇದ್ದಂತೆ ಎಲ್ಲ ಇದೆಯೇ ನೋಡಿ, ಇಲ್ಲದಿದ್ದರೆ ಸರಿಮಾಡಿ ಮತ್ತೆ ಕೂರುತ್ತಾನೆ. ಇನ್ನೊಂದು ‘ನೆಂಟ’: ಒಳಗೆ ಯಾರೂ ಇರುವುದಿಲ್ಲ, ನಾನು ಸಾಗರದಿಂದ ಕಳಿಸಿದಾಗ ಬಂದು ಕೆಲಸ ಮುಗಿಸಿ ಹೋಗುತ್ತಾನೆ. ಮನೆಯಾಳಿನ ಪರೀಕ್ಷೆ ನಿಮ್ಮಲ್ಲಿ. ನೆಂಟನದು ತೀರ್ಥಹಳ್ಳಿಯ ಪೂರ್ಣೇಶ್ ಅವರಲ್ಲಿ.

ಬೇರೆ ಕಡೆ ಇಲ್ಲದ್ದು ನಿಮ್ಮ ಕಂಪ್ಯೂಟರಿನಲ್ಲಿ ಏನೇನು ಮಾಡಿಕೊಂಡಿದ್ದೀರಿ, ದಯವಿಟ್ಟು ಬರೆದು ಕಳಿಸಿ. ಬೈಯುವುದಿಲ್ಲ.

ಇಂತಿ,
ಬಿಂದುಶ್ರೀ


ಹೊಸನಗರ
7 ಜನವರಿ 2025

ಬಿಂದುಶ್ರೀಯವರಿಗೆ,

ನಿಮ್ಮ ಕಾಗದ ತಣ್ಣಗೆ ತಲುಪಿತು. ಈ ಶಾಖೆಯ ಪಾಪಗಳ ಪಟ್ಟಿ ಕೆಳಗಿದೆ.

ಅಕ್ಷರಗಳನ್ನು ದೊಡ್ಡದು ಮಾಡಿದ್ದೇನೆ. ಅಪರಾಧಿ: ನನ್ನ ಕಣ್ಣು, ವಯಸ್ಸು ಐವತ್ತೇಳು. ಪರದೆಯ ಮೇಲೆ ಮಂಡಗದ್ದೆಯ ಬೆಳ್ಳಕ್ಕಿಗಳ ಚಿತ್ರ ಇದೆ. ಅಪರಾಧಿ: ರಕ್ತ ತೆಗೆಯುವ ಲಿಖಿತಾ, ಸೂಜಿ ಕಂಡು ಅಳುವ ಮಕ್ಕಳಿಗೆ ಎಣಿಸಲು ಹಕ್ಕಿ ಕೊಡುತ್ತಾಳೆ. ಪ್ರಿಂಟರಿಗೆ ಕೆರಿಯಮ್ಮ ಎಂದು ಹೆಸರಿಟ್ಟಿದ್ದೇವೆ. ಹಿಂದೆ ನಮ್ಮಲ್ಲಿ ಕಸ ಗುಡಿಸುತ್ತಿದ್ದ ಕೆರಿಯಮ್ಮನೂ ಎರಡು ಸಲ ಕರೆದರೆ ಮಾತ್ರ ಬರುತ್ತಿದ್ದರು. ಈ ಹೆಸರು ಬದಲಾಯಿಸಿದರೆ ಯಂತ್ರಕ್ಕೆ ಬೇಸರವಾಗುತ್ತದೋ ಇಲ್ಲವೋ, ನಮಗೆ ಆಗುತ್ತದೆ.

ಇಷ್ಟೇ.

ಇನ್ನೊಂದು ಮಾತು, ನೀವು ಹೊಸಬರಾದ್ದರಿಂದ. ಇದು ಮಂಗನ ಕಾಯಿಲೆಯ ಕಾಲ. ಕೊಟ್ಟಿಗೆಗೆ ಹಾಸುವ ಒಣ ಎಲೆ, ದರಗು, ಗುಡಿಸಲು ಕಾಡಿಗೆ ಹೋದವರು ಜ್ವರ ಹೊತ್ತುಕೊಂಡು ಬರುತ್ತಾರೆ. ನಿಮ್ಮ ಕಂಪ್ಯೂಟರು ಮಧ್ಯಾಹ್ನ ಗಂಟೆ ಹೊಡೆದು ಆ ದಿನದ ಟ್ಯೂಬುಗಳ ಪಟ್ಟಿ ಮುದ್ರಿಸುತ್ತದೆ. ಪಟ್ಟಿ ಇಲ್ಲದ ಪೆಟ್ಟಿಗೆಯನ್ನು ಸಾಗರದಲ್ಲಿ ಯಾರೂ ಮುಟ್ಟುವುದಿಲ್ಲ. ಪಟ್ಟಿ ಬಂದೊಡನೆ ಪೆಟ್ಟಿಗೆ ಹೊತ್ತು ಬಸ್‌ಸ್ಟ್ಯಾಂಡಿಗೆ ಹನ್ನೆರಡು ನಿಮಿಷದ ನಡಿಗೆ. ಆ ಬಸ್ಸು ತಪ್ಪಿದರೆ ಜ್ವರದ ಟ್ಯೂಬುಗಳನ್ನು ದೊಡ್ಡ ಪರೀಕ್ಷಾಲಯಕ್ಕೆ ಒಯ್ಯುವ ಗಾಡಿ, ಆರು ಗಂಟೆಯದು, ಸಾಗರದಲ್ಲಿ ತಪ್ಪುತ್ತದೆ. ಆ ರೋಗಿಯ ಒಂದು ದಿನ ಹೋಯಿತು. ಈ ಶಾಖೆ ಶುರುವಾದಾಗಿನಿಂದ ಒಂದು ದಿನವೂ ನಮ್ಮ ಪೆಟ್ಟಿಗೆ ಬಸ್ಸು ತಪ್ಪಿಸಿಲ್ಲ. ನನಗೆ ಬೇರೆ ಬಿರುದು ಇಲ್ಲ, ಇದೊಂದೇ. ನಿಮ್ಮ ಮನೆಯಾಳಿಗೆ ಇದನ್ನು ಮೊದಲೇ ಹೇಳಿಬಿಡಿ.

ಧರ್ಮಪ್ಪ


ಸಾಗರ
27 ಜನವರಿ 2025

ಧರ್ಮಪ್ಪನವರಿಗೆ,

ಕೆರಿಯಮ್ಮನವರ ಹೆಸರನ್ನು ಅಧಿಕೃತ ಪಟ್ಟಿಗೆ ಸೇರಿಸಿದ್ದೇನೆ. ಬೆಳ್ಳಕ್ಕಿಗಳಿಗೂ ಅನುಮತಿ ಸಿಕ್ಕಿದೆ.

ಮೂರು ವಾರದ ಹೋಲಿಕೆ ಹೀಗಿದೆ. ನೆಂಟ ಸಭ್ಯ, ಆದರೆ ಕರೆದಾಗ ಮಾತ್ರ ಬರುವವನು. ತೀರ್ಥಹಳ್ಳಿಯಲ್ಲಿ ಪೂರ್ಣೇಶ್ ಕಂಪ್ಯೂಟರಿನ ವೈರಸ್ ಕಾವಲನ್ನು ‘ಸ್ವಲ್ಪ ಹೊತ್ತು’ ನಿಲ್ಲಿಸಿದ್ದರಂತೆ. ನಾನು ನೆಂಟನನ್ನು ಕಳಿಸುವವರೆಗೆ ಆ ಸ್ವಲ್ಪ ಹೊತ್ತು ಒಂಬತ್ತು ದಿನ ನಡೆಯಿತು. ಮನೆಯಾಳು ಹಾಗಲ್ಲ. ಅರ್ಧ ಗಂಟೆಯೊಳಗೆ ಎಲ್ಲ ಕಂಡುಹಿಡಿದು, ಸರಿಮಾಡಿ, ನನಗೆ ಚಾಡಿಯನ್ನೂ ಹೇಳುತ್ತಾನೆ.

ನಿಮ್ಮ ಮೇಲೂ ಒಂದು ಚಾಡಿ ಇದೆ. ದಿನಾ ಮಧ್ಯಾಹ್ನ ಮೂರೂವರೆಗೆ ‘ಗಡಿಯಾರ ಹತ್ತು ನಿಮಿಷ ಮುಂದಿತ್ತು, ಸರಿಪಡಿಸಿದೆ’ ಎಂದು ಬರೆಯುತ್ತಾನೆ. ದಿನಕ್ಕೆ ಒಂದೇ ಸಲ. ಒಂಬತ್ತು ನಿಮಿಷವಲ್ಲ, ಹನ್ನೊಂದಲ್ಲ. ಒಳಗಿನ ಬ್ಯಾಟರಿ ಸೆಲ್ ಮುಗಿದಿರಬೇಕು. ಇಷ್ಟು ಶಿಸ್ತಾಗಿ ಕೆಡುವ ಸೆಲ್ಲನ್ನು ನಾನು ಈವರೆಗೆ ನೋಡಿಲ್ಲ. ಹೊಸದೊಂದನ್ನು ಈ ಕಾಗದದ ಜೊತೆಗೆ ಟೇಪು ಹಚ್ಚಿ ಕಳಿಸಿದ್ದೇನೆ. ಹಾಕಿ ನೋಡಿ.

ಬಿಂದುಶ್ರೀ


ಹೊಸನಗರ
28 ಜನವರಿ 2025

ಬಿಂದುಶ್ರೀಯವರಿಗೆ,

ಸೆಲ್ ಮುಟ್ಟಿತು. ಲಿಖಿತಾಳ ಸಮ್ಮುಖದಲ್ಲಿ ಹಳೆಯದನ್ನು ತೆಗೆದು ಹೊಸದನ್ನು ಹಾಕಲಾಯಿತು. ಹಳೆಯ ಸೆಲ್ ಯಾವ ತಪ್ಪನ್ನೂ ಒಪ್ಪಿಕೊಳ್ಳದೆ ಮೇಜಿನ ಮೇಲೆ ಮಲಗಿದೆ.

ಗುಣ ಕಾಣುತ್ತದೆಂದು ಭರವಸೆ ಕೊಡಲಾರೆ. ಇಲ್ಲಿನ ಕರೆಂಟೇ ಹಾಗೆ. ಪಕ್ಕದಲ್ಲೇ ಮಾಸ್ತಿಕಟ್ಟೆಯ ಹತ್ತಿರ ಅಣೆಕಟ್ಟು ಕಟ್ಟಿ ನಾಡಿಗೆಲ್ಲ ಬೆಳಕು ಕಳಿಸಿದ ಸೀಮೆ ನಮ್ಮದು. ನಮಗೆ ಉಳಿದದ್ದು ಇಷ್ಟು. ಹತ್ತು ನಿಮಿಷದ ಮೇಲೆ ನೀವು ಹೆಚ್ಚು ತಲೆ ಕೆಡಿಸಿಕೊಳ್ಳಬಾರದು ಎಂದು ವಿನಂತಿ. ಪೆಟ್ಟಿಗೆ ಹೊತ್ತಿಗೆ ಸರಿಯಾಗಿ ಬರುತ್ತಿದೆ ತಾನೆ? ಅದನ್ನು ವರದಿಯಲ್ಲಿ ಎಲ್ಲಿ ಬರೆಯುತ್ತೀರಿ? ಅದಕ್ಕೆ ಒಂದು ಕಾಲಂ ಇದೆಯೇ?

ಧರ್ಮಪ್ಪ


ಸಾಗರ
17 ಫೆಬ್ರವರಿ 2025

ಧರ್ಮಪ್ಪನವರಿಗೆ,

ಪೆಟ್ಟಿಗೆಯ ಸಮಯಕ್ಕೆ ಕಾಲಂ ಇಲ್ಲ. ಇದು ಕಂಪ್ಯೂಟರುಗಳ ವರದಿ, ಬಸ್ಸುಗಳದ್ದಲ್ಲ.

ಪಟ್ಟಿಯಂತೆ ಇರುವ ಕಂಪ್ಯೂಟರಿಗೆ ನನ್ನ ಪರದೆಯಲ್ಲಿ ಹಸಿರು ಚುಕ್ಕೆ, ಇಲ್ಲದ್ದಕ್ಕೆ ಕೆಂಪು. ಹದಿನಾಲ್ಕರಲ್ಲಿ ಹದಿಮೂರು ಹಸಿರು. ಕೆಂಪು ಚುಕ್ಕೆ ನಿಮ್ಮದೊಂದೇ, ಅದೇ ಗಡಿಯಾರ. ಸೆಲ್ ಬದಲಾಯಿಸಿ ಮೂರು ವಾರವಾದರೂ ದಿನಾ ಮೂರೂವರೆಗೆ ಅದೇ ಹತ್ತು ನಿಮಿಷ. ವರದಿ ಕೊಡಲು ಹನ್ನೊಂದು ದಿನ ಉಳಿದಿದೆ. ನನ್ನ ಮೊದಲ ವರದಿ. ಅದರಲ್ಲಿ ಮೊಡವೆ ಬೇಡ. ಅದಕ್ಕೆ ನಾಳೆ ಬೆಳಿಗ್ಗೆಯಿಂದ ಗಡಿಯಾರಕ್ಕೆ ಬೀಗ ಹಾಕುತ್ತಿದ್ದೇನೆ. ಕರೆಂಟಾಗಲಿ ಸೆಲ್ಲಾಗಲಿ ಮನುಷ್ಯನಾಗಲಿ ಇನ್ನು ಅದನ್ನು ಅಲ್ಲಾಡಿಸುವಂತಿಲ್ಲ.

ನಾಳೆ ನೀವು ತೀರ್ಥಹಳ್ಳಿಗೆ ಹೋಗಿ ನೆಂಟನ ಕೆಲಸ ನೋಡಿಬರಬೇಕೆಂದು ಡಾಕ್ಟರು ಹೇಳಿದ್ದಾರಲ್ಲ. ಅರ್ಧ ದಿನ ಸಾಲದು, ನಾಲ್ಕು ಗಂಟೆಯವರೆಗೆ ಇರಲಿ ಎನ್ನುತ್ತಿದ್ದಾರೆ ಪೂರ್ಣೇಶ್. ಊಟಕ್ಕೆ ಅವರ ಮನೆಯಲ್ಲಿ, ಮಳೆಗಾಲದಲ್ಲಿ ಉಪ್ಪಿನಲ್ಲಿಟ್ಟ ಎಳೆಬಿದಿರಿನ ಕಳಲೆ ಪಲ್ಯವಂತೆ. ನನಗಂತೂ ಕರೆ ಬಂದಿಲ್ಲ.

ಬಿಂದುಶ್ರೀ


ಹೊಸನಗರ
18 ಫೆಬ್ರವರಿ 2025, ಬೆಳಿಗ್ಗೆ

ಬಿಂದುಶ್ರೀಯವರಿಗೆ,

ತೀರ್ಥಹಳ್ಳಿಯ ಬಸ್ಸಿಗೆ ಅರ್ಧ ಗಂಟೆ ಇದೆ. ಅಷ್ಟರೊಳಗೆ ಹದಿನಾಲ್ಕು ವರ್ಷ ಹೇಳಬೇಕು.

ಗಡಿಯಾರ ಕೆಟ್ಟಿಲ್ಲ. ಅದನ್ನು ಹತ್ತು ನಿಮಿಷ ಮುಂದಿಟ್ಟವನು ನಾನು.

ನಿಮ್ಮ ಕಂಪ್ಯೂಟರು ಮೂರು ಇಪ್ಪತ್ತಕ್ಕೆ ಗಂಟೆ ಹೊಡೆದು ಪಟ್ಟಿ ಕೊಡುತ್ತದೆ. ಅದನ್ನು ಹಾಗೆ ಮಾಡಿದಾಗ ಬಸ್ಸು ಹೊರಡುತ್ತಿದ್ದುದು ಮೂರು ನಲವತ್ತಕ್ಕೆ. 2011ರಲ್ಲಿ ಬಸ್ಸಿನವರು ಅದನ್ನು ಮೂರೂವರೆಗೆ ತಂದರು. ಗಂಟೆಯನ್ನು ಮೂರು ಹತ್ತಕ್ಕೆ ತನ್ನಿ ಎಂದು ಸಾಗರಕ್ಕೆ ಮೂರು ಕಾಗದ ಬರೆದೆ. ಉತ್ತರ ಬರಲಿಲ್ಲ. ನಿಮ್ಮ ಕಾರ್ಯಕ್ರಮವನ್ನು ಬದಲಾಯಿಸುವ ವಿದ್ಯೆ ನನಗಿಲ್ಲ. ಗಡಿಯಾರ ತಿರುಗಿಸುವುದು ಗೊತ್ತಿತ್ತು. ಕಾರ್ಯಕ್ರಮವನ್ನು ಬಿಟ್ಟು ಕಾಲವನ್ನೇ ಬದಲಾಯಿಸಿದೆ. ಅಂದಿನಿಂದ ಈ ತಾಲ್ಲೂಕಿನ ರಕ್ತವೆಲ್ಲ ಹತ್ತು ನಿಮಿಷ ಮುಂದೆ ದಾಖಲಾಗಿದೆ.

ಲಿಖಿತಾಳಿಗೂ ಗೊತ್ತಿಲ್ಲ, ಪರದೆ ನೋಡಿ ಬಸ್ಸು ಈಗಲೂ ಮೂರು ನಲವತ್ತಕ್ಕೇ ಎಂದುಕೊಂಡಿದ್ದಾಳೆ. ಗೊತ್ತಾದರೆ ‘ಇನ್ನೂ ಹತ್ತು ನಿಮಿಷ ಐತಲ್ಲ ಸಾರ್’ ಅನ್ನುತ್ತಾಳೆ, ಒಂದು ದಿನ ಬಸ್ಸು ಹೋಗುತ್ತದೆ. ಕೆಲಸದ ಹೊತ್ತಿನಲ್ಲಿ ಮೊಬೈಲು ಡ್ರಾಯರಿನಲ್ಲಿ ಇಡಬೇಕೆಂಬ ನಿಯಮ ಮಾಡಿದವನೂ ನಾನೇ. ಎದುರಿಗೆ ಹೇಳಿದ ಕಾರಣ ರೋಗಿಗಳ ಗೌರವ. ನಿಜವಾದ ಕಾರಣ, ಅದರಲ್ಲಿ ಸರಿಯಾದ ಸಮಯ ಇರುತ್ತದೆ.

ನಿಮ್ಮ ಮನೆಯಾಳು ಬಂದ ಮೇಲೆ ಅವನ ನಡೆ ಕಲಿತೆ. ಅವನು ಮೂರಕ್ಕೆ ಬಂದು ಸರಿಮಾಡಿ ಹೋಗುತ್ತಾನೆ, ಮತ್ತೆ ಬರುವುದು ಮೂರೂವರೆಗೆ. ಮೂರು ಒಂದಕ್ಕೆ ನಾನು ಗಡಿಯಾರ ಮುಂದೆ ತಳ್ಳುತ್ತಿದ್ದೆ. ಇವತ್ತು ಮೂರರೊಳಗೆ ಹಿಂದಿರುಗಿ ಹಾಗೆಯೇ ಮಾಡುವವನಿದ್ದೆ. ನಿಮ್ಮ ಕಾಗದ ಈಗ ತಾನೆ ಓದಿದೆ. ಬೀಗವೂ ಬಿತ್ತು, ನಾಲ್ಕು ಗಂಟೆಯೂ ಬಿತ್ತು.

ಇವತ್ತಿನ ಮಟ್ಟಿಗೆ ಮೂರು ಗಂಟೆಗೆ ತೀರ್ಥಹಳ್ಳಿಯಿಂದ ಲಿಖಿತಾಳಿಗೆ ಫೋನು ಮಾಡಿ, ಪಟ್ಟಿ ಕೈಯಲ್ಲಿ ಬರೆದುಕೊಂಡು ಹೊರಡು ಎನ್ನುತ್ತೇನೆ. ಆ ಪೆಟ್ಟಿಗೆಯನ್ನು ದಯವಿಟ್ಟು ತೆಗೆದುಕೊಳ್ಳಿ. ನಾಳೆಯಿಂದ ಗಂಟೆಯನ್ನು ಮೂರು ಹತ್ತಕ್ಕೆ ಮಾಡಿ. ಲಿಖಿತಾ ಎದುರಿಗೇ ಇದ್ದಾಳೆ, ಈಗಲೇ ಹೇಳಬಹುದು. ಟ್ಯೂಬಿಗೆ ಸಮಯ ನೋಡಿ ನೋಡಿ ಚೀಟಿ ಅಂಟಿಸುತ್ತಿದ್ದಾಳೆ. ಫೋನಿನಲ್ಲಿ ಹೇಳುವುದು ಸುಲಭ.

ಧರ್ಮಪ್ಪ


ಸಾಗರ
18 ಫೆಬ್ರವರಿ 2025, ಸಂಜೆ ನಾಲ್ಕು

ಧರ್ಮಪ್ಪನವರಿಗೆ,

ಶುಭ ಸಮಾಚಾರ. ಹದಿನಾಲ್ಕಕ್ಕೆ ಹದಿನಾಲ್ಕು ಹಸಿರು. ನಿಮ್ಮ ಗಡಿಯಾರ ಇವತ್ತು ಒಂದು ಸೆಕೆಂಡೂ ಅಲ್ಲಾಡಿಲ್ಲ.

ಸಂತೋಷಕ್ಕೆ ಡಾಕ್ಟರ ನಿಯಮವನ್ನು ಒಂದು ದಿನ ಮುರಿದೆ. ಮೂರು ಗಂಟೆಗೆ ನಿಮ್ಮ ಶಾಖೆಗೆ ಫೋನು ಮಾಡಿ ಲಿಖಿತಾ ಜೊತೆ ಕಾಲು ಗಂಟೆ ಮಾತಾಡಿದೆ. ಒಳ್ಳೆಯ ಹುಡುಗಿ. ಗಡಿಯಾರ ಓದಿ ಹೇಳು ಅಂದರೆ ಸೆಕೆಂಡು ಸಮೇತ ಹೇಳಿದಳು. ‘ಧರ್ಮಪ್ಪ ಸಾರ್‌ಗೆ ಟೈಮ್ ಅಂದ್ರೆ ಟೈಮು ಮೇಡಂ, ಗಂಟೆ ಹೊಡಿಯೋ ತನಕ ಪೆಟ್ಟಿಗೆ ಮುಚ್ಚಂಗಿಲ್ಲ, ಹೊಡೆದ್ಮೇಲೆ ಒಂದ್ ನಿಮಿಷ ನಿಲ್ಲಂಗಿಲ್ಲ’ ಅಂದಳು. ಇಂಥ ಶಿಸ್ತಿನ ಶಾಖೆಗೆ ಕೆಂಪು ಚುಕ್ಕೆ ಇಟ್ಟಿದ್ದಕ್ಕೆ ನನಗೇ ನಾಚಿಕೆಯಾಯಿತು.

ಕಳಲೆ ಹೇಗಿತ್ತು?

ಐದೂವರೆ. ಬಸ್ಸು ಬಂತು. ಪೆಟ್ಟಿಗೆ ಇಲ್ಲ. ಕಂಡಕ್ಟರ್ ನಿಶಾಂತ್ ‘ನಿಮ್ಮೋರು ಬರ್ಲೇ ಇಲ್ಲ ಮೇಡಂ, ಎರಡ್ ನಿಮಿಷ ಕಾದೆ’ ಎನ್ನುತ್ತಾರೆ. ಗಾಡಿ ಆರಕ್ಕೆ ಹೊರಡುತ್ತದೆ.


ಹೊಸನಗರ
20 ಫೆಬ್ರವರಿ 2025

ಬಿಂದುಶ್ರೀಯವರಿಗೆ,

ಕಳಲೆ ಚೆನ್ನಾಗಿತ್ತು.

ಮೂರು ಗಂಟೆಯಿಂದ ಮೂರು ಕಾಲಿನವರೆಗೆ ಶಾಖೆಗೆ ನಾಲ್ಕು ಸಲ ಫೋನು ಮಾಡಿದೆ. ಎಂಗೇಜ್ ಇತ್ತು. ಲಿಖಿತಾಳ ಮೊಬೈಲಿಗೂ ಮಾಡಿದೆ. ಅದು ಡ್ರಾಯರಿನಲ್ಲಿ ಬಡಿದುಕೊಂಡಿರಬೇಕು, ನಿಯಮದ ಪ್ರಕಾರ. ಐದನೆಯ ಸಲ ಲೈನು ಸಿಗುವಷ್ಟರಲ್ಲಿ ಎತ್ತುವವರೇ ಇರಲಿಲ್ಲ, ಗಂಟೆ ಹೊಡೆದಾಗಿತ್ತು, ಪೆಟ್ಟಿಗೆ ದಾರಿಯಲ್ಲಿತ್ತು. ಕೊನೆಯಲ್ಲಿ ಬಸ್ಸಿನ ಹಾರನ್ ಕೇಳಿ ಓಡಿದಳಂತೆ. ಬಸ್‌ಸ್ಟ್ಯಾಂಡ್ ಮುಟ್ಟಿದಾಗ ಬಸ್ಸಿನ ಬೆನ್ನು ಕಂಡಿತಂತೆ.

ಅದರಲ್ಲಿ ಮೂರು ಜ್ವರದ ಟ್ಯೂಬು ಇದ್ದವು. ಇಬ್ಬರ ಜ್ವರ ಆಗಲೇ ಇಳಿದಿದೆ. ಮೂರನೆಯದು ಬೆಳ್ಳಮ್ಮನದು. ಮಾಸ್ತಿಕಟ್ಟೆ ಕಡೆಯವಳು, ಐವತ್ತರ ಆಸುಪಾಸು, ಕೊಟ್ಟಿಗೆಗೆ ದರಗು ತರಲು ಕಾಡಿಗೆ ಹೋಗುತ್ತಿದ್ದಳು. ಇವತ್ತು ಬರಬೇಕಿದ್ದ ರಿಪೋರ್ಟು ನಾಳೆ ಬರುತ್ತದೆ. ಅದು ಬರದೆ ದೊಡ್ಡಾಸ್ಪತ್ರೆಗೆ ಹೋಗಲು ಮನೆಯವರು ಒಪ್ಪುತ್ತಿಲ್ಲ. ಬೆಳಿಗ್ಗೆ ಹೋಗಿ ನೋಡಿದೆ. ನನ್ನನ್ನು ನೋಡಿದಳು, ಗುರುತು ಹಿಡಿಯಲಿಲ್ಲ.

ಲಿಖಿತಾಳಿಗೆ ಎಲ್ಲ ಹೇಳಿದೆ. ‘ಆರ್ ವರ್ಷದಿಂದ ನನ್ ಮೊಬೈಲ್ ಡ್ರಾಯರಲ್ಲಿ ಇಡ್ಸಿದ್ದು ಇದಕ್ಕಾ ಸಾರ್?’ ಅಂದಳು. ಹೌದು ಅಂದೆ. ‘ನಂಗ್ ಹೇಳಿದ್ರೆ ನಾನು ಮೂರ್ ಗಂಟೆಗೇ ಹೊರಡ್ತಿದ್ದೆ’ ಅಂದಳು. ಆಮೇಲೆ ಒಳಗೆ ಹೋಗಿ ಸಿರಿಂಜು ಜೋಡಿಸತೊಡಗಿದಳು. ಅವಳು ಹತ್ತು ನಿಮಿಷ ಕದಿಯುತ್ತಾಳೆಂದು ಆರು ವರ್ಷ ಹೆದರಿದವನು ನಾನು.

ಮೊನ್ನೆ ಬೆಳಿಗ್ಗೆ ಬರೆದ ಕಾಗದ ನಿಮಗೆ ನಿನ್ನೆ ಬೆಳ್ಳಮ್ಮನ ಟ್ಯೂಬಿನ ಜೊತೆಗೇ ತಲುಪಿರಬೇಕು. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟಿದ್ದೆ.

ಧರ್ಮಪ್ಪ


ಸಾಗರ
22 ಫೆಬ್ರವರಿ 2025

ಧರ್ಮಪ್ಪನವರಿಗೆ,

ತಲುಪಿತು. ಟ್ಯೂಬು ಕೈಗೆತ್ತಿಕೊಂಡ ಮೇಲೆ ಕಾಗದ ಓದಿದೆ.

ಫೋನು ಎಂಗೇಜ್ ಮಾಡಿದವಳು ನಾನು. ಅದು ನಿಮಗೆ ಗೊತ್ತಿತ್ತು, ಬರೆಯಲಿಲ್ಲ.

ಗಂಟೆಯನ್ನು ಅವತ್ತೇ ಮೂರು ಹತ್ತಕ್ಕೆ ತಂದೆ. ಅದಕ್ಕೆ ಬೇಕಾಗಿದ್ದು ಒಂದು ಸಾಲಿನಲ್ಲಿ ಒಂದು ಅಂಕೆ ಬದಲಾಯಿಸುವುದು.

ಹಳೆಯ ಕಡತ ತೆಗೆಸಿದೆ. ನಿಮ್ಮ ಮೂರು ಕಾಗದವೂ ಅಲ್ಲಿವೆ. ಮೊದಲನೆಯದು ಒಂದು ಪುಟ, ತಮಾಷೆ ಮಾಡಿ ಬರೆದಿದ್ದೀರಿ. ಎರಡನೆಯದು ಅರ್ಧ ಪುಟ. ಮೂರನೆಯದರಲ್ಲಿ ಒಂದೇ ಸಾಲು, ‘ಹತ್ತು ನಿಮಿಷ ಕೊಡಿ.’ ಮೂರರ ಮೇಲೂ ನನಗಿಂತ ಹಿಂದೆ ಈ ಕುರ್ಚಿಯಲ್ಲಿದ್ದವರು ‘ನೋಡಿದೆ’ ಎಂದು ಬರೆದು ಸಹಿ ಹಾಕಿದ್ದಾರೆ.

ಬೆಳ್ಳಮ್ಮನ ರಿಪೋರ್ಟು ನೀವು ನೋಡಿರುತ್ತೀರಿ. ನಿನ್ನೆ ದೊಡ್ಡಾಸ್ಪತ್ರೆಗೆ ಒಯ್ದರು ಎಂದು ತಿಳಿಯಿತು. ಮೊನ್ನೆ ಒಯ್ಯಬಹುದಿತ್ತು.

ಬಿಂದುಶ್ರೀ


ಸಾಗರ
14 ಮಾರ್ಚ್ 2025

ಧರ್ಮಪ್ಪನವರಿಗೆ,

ಮೂರು ವಾರದಿಂದ ಪೆಟ್ಟಿಗೆಯ ಜೇಬು ಖಾಲಿ ಬರುತ್ತಿದೆ. ನಾನೂ ಖಾಲಿ ಕಳಿಸುತ್ತಿದ್ದೇನೆ. ಯಾರಾದರೂ ಒಬ್ಬರು ಶುರು ಮಾಡಬೇಕು.

ವರದಿಯನ್ನು ಎರಡು ವಾರ ತಡವಾಗಿ ಕೊಟ್ಟೆ. ಮನೆಯಾಳು ವಾಸಿಯೆಂದೇ ಬರೆದಿದ್ದೇನೆ. ಪೂರ್ಣೇಶ್ ಅವರ ಒಂಬತ್ತು ದಿನವನ್ನು ಮರೆಯುವಂತಿಲ್ಲ. ಆದರೆ ಮನೆಯಾಳು, ನೆಂಟ ಎರಡರಲ್ಲೂ ಒಂದು ಆಜ್ಞೆ ಇದೆ: ನೋಡು, ಹೇಳು, ಮುಟ್ಟಬೇಡ. ಮೊದಲ ದಿನವೇ ಓದಿದ್ದೆ. ಬಳಸಲಿಲ್ಲ. ಬಳಸಿದ್ದರೂ ಹತ್ತು ನಿಮಿಷ ಏಕೆ ಎಂದು ನಿಮ್ಮನ್ನು ಕೇಳುತ್ತಿದ್ದೆನೋ ಇಲ್ಲವೋ. ಕೇಳುವ ಬದಲು ಸೆಲ್ ಕಳಿಸಿದವಳು ನಾನು. ಇದನ್ನೆಲ್ಲ ವರದಿಯಲ್ಲಿ ಬರೆದಿದ್ದೇನೆ, ನನ್ನ ಹೆಸರು ಹಾಕಿ. ನಿಮ್ಮ ಹೆಸರನ್ನೂ ಹಾಕಬೇಕಾಯಿತು. ನಿಮ್ಮ ಮೂರು ಕಾಗದವನ್ನು ಜೊತೆಗೆ ಲಗತ್ತಿಸಿದ್ದೇನೆ.

ಡಾಕ್ಟರು ಓದಿ, ಮೂರು ಕಾಗದವನ್ನೂ ಒಂದೊಂದಾಗಿ ತಿರುವಿದರು. ಆಮೇಲೆ, ‘ನೋಡಿದೆ ಅಂತ ಇನ್ಮುಂದೆ ಯಾರೂ ಬರೀಬಾರದು’ ಅಂದರು. ಅಷ್ಟೇ ಶಿಕ್ಷೆ, ಇಬ್ಬರಿಗೂ.

ಈಗ ನಮ್ಮ ಪಟ್ಟಿಯಲ್ಲಿ ಪ್ರತಿ ಸಾಲಿನ ಎದುರಿಗೂ ‘ಕಾರಣ’ ಎಂಬ ಕಾಲಂ ಮಾಡಿದ್ದೇನೆ. ಅದು ತುಂಬದೆ ಯಾವ ಸಾಲನ್ನೂ ಬದಲಾಯಿಸುವಂತಿಲ್ಲ. ನಿಮ್ಮ ಸಾಲು: ಹೊಸನಗರ, ಗಂಟೆ ಮೂರು ಹತ್ತು. ಕಾರಣ: ಬಸ್ಸು ಮೂರೂವರೆಗೆ ಹೊರಡುತ್ತದೆ.

ಬೆಳ್ಳಮ್ಮನ ವಿಷಯ ತಿಳಿಸಿ. ಫೋನಿನಲ್ಲಿ ಕೇಳಲು ಧೈರ್ಯವಿಲ್ಲ.

ಬಿಂದುಶ್ರೀ


ಹೊಸನಗರ
20 ಮಾರ್ಚ್ 2025

ಬಿಂದುಶ್ರೀಯವರಿಗೆ,

ನಾನು ಬರೆಯದೆ ಇದ್ದದ್ದು ಸಿಟ್ಟಿನಿಂದಲ್ಲ. ಬರೆಯಲು ಸುದ್ದಿ ಬೇಕಿತ್ತು. ಇವತ್ತು ಸಿಕ್ಕಿತು, ತಾನಾಗಿಯೇ ಬಸ್ಸಿಳಿದು ನಡೆದು ಬಂತು.

ಬೆಳ್ಳಮ್ಮ ಮತ್ತೊಮ್ಮೆ ಪರೀಕ್ಷೆಗೆ ರಕ್ತ ಕೊಡಲು ಬಂದಿದ್ದಾಳೆ. ಬದುಕಿದ್ದಾಳೆ. ಅರ್ಧ ಆಗಿದ್ದಾಳೆ. ಎಡಗೈ ನಡುಗುತ್ತದೆ, ಲೋಟ ಹಿಡಿಯಲು ಆಗುವುದಿಲ್ಲ. ಲಿಖಿತಾ ಬಲಗೈಯಲ್ಲಿ ರಕ್ತ ತೆಗೆದಳು. ಹಕ್ಕಿ ಎಣಿಸಿ ಅಂದರೆ, ‘ಇವು ನಮ್ಮ ಗದ್ದೆಗೂ ಬರ್ತಾವೆ, ಎಂತ ಎಣ್ಸದು’ ಅಂದಳು.

ಎಲ್ಲ ಹೇಳಿದೆ, ಗಡಿಯಾರ, ಬಸ್ಸು, ಫೋನು. ನಿಮ್ಮ ಹೆಸರು ಹೇಳಲಿಲ್ಲ, ನನ್ನದು ಹೇಳಿದೆ. ಎದುರಿಗೇ ಹೇಳಿದೆ, ಫೋನಿನಲ್ಲಲ್ಲ. ಅವಳು ಕೇಳಿಸಿಕೊಂಡು, ‘ಹತ್ ನಿಮಿಷಾನಾ? ನಾ ಜ್ವರ ಹಿಡ್ಕಂಡು ಆರ್ ದಿನ ಮನೇಲೇ ಇದ್ನಲ್ರಾ ಮಾರಾಯ್ರೆ. ದರಗು ಇನ್ನೂ ಎರಡ್ ಹೊರೆ ಬಾಕಿ ಇತ್ತು’ ಅಂದಳು. ನನಗೆ ಸಮಾಧಾನ ಹೇಳಲು ಅಂದದ್ದಲ್ಲ. ಲೆಕ್ಕ ಸರಿಯಿರಲಿ ಎಂದು ಅಂದದ್ದು.

ಆ ಆರು ದಿನ ಅವಳದು. ಅದರ ಆಸರೆಗೆ ನಾನು ಹೋಗುವುದಿಲ್ಲ. ಏಳನೆಯದು ನಮ್ಮದು, ನನ್ನದು ಮತ್ತು ನಿಮ್ಮದು. ಒಂದು ದಿನ ಮುಂಚೆ ಹೋಗಿದ್ದರೆ ಕೈ ಉಳಿಯುತ್ತಿತ್ತೇ ಎಂದು ದೊಡ್ಡಾಸ್ಪತ್ರೆಯ ಡಾಕ್ಟರನ್ನು ಕೇಳಿದೆ. ಹೇಳಲು ಬರುವುದಿಲ್ಲ ಅಂದರು. ಹೇಳಲು ಬಂದಿದ್ದರೆ ಒಳ್ಳೆಯದಿತ್ತು, ಎರಡರಲ್ಲಿ ಯಾವುದಾದರೂ ಸರಿ.

ನಿಮ್ಮ ಪಟ್ಟಿಯ ಆ ಕಾಲಮ್ಮಿನಲ್ಲಿ ಬಸ್ಸು ಎಂದು ಬರೆದಿದ್ದೀರಿ. ನಾಳೆ ಬಸ್ಸಿನವರು ಮತ್ತೆ ಸಮಯ ಬದಲಾಯಿಸಿದರೆ ಆ ಸಾಲು ಅಳಿಸಿಹೋಗುತ್ತದೆ. ಅದರ ಕೆಳಗೆ ‘ಬೆಳ್ಳಮ್ಮ, ಮಾಸ್ತಿಕಟ್ಟೆ’ ಎಂದೂ ಸೇರಿಸಿ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ‘ಕಂಪ್ಯೂಟರಲ್ಲಿ ನನ್ ಹೆಸ್ರು ಎಂತಕ್ಕೆ’ ಅಂದಳು. ಆಮೇಲೆ, ‘ಹಾಕದಾದ್ರೆ ಸರಿಯಾಗ್ ಹಾಕ್ಲಿ’ ಅಂದಳು.

ಲಿಖಿತಾಳ ಮೊಬೈಲು ಈಗ ಮೇಜಿನ ಮೇಲೆ ಇದೆ. ನಾನು ಮಾತ್ರ ಈಗಲೂ ಪರದೆ ನೋಡಿದಾಗಲೆಲ್ಲ ಮನಸ್ಸಿನಲ್ಲೇ ಹತ್ತು ಕಳೆಯುತ್ತೇನೆ, ಆಮೇಲೆ ನೆನಪಾಗಿ ಮತ್ತೆ ಕೂಡುತ್ತೇನೆ. ಬೆಳ್ಳಮ್ಮನನ್ನು ಮಾಸ್ತಿಕಟ್ಟೆಯ ಬಸ್ಸಿಗೆ ಹತ್ತಿಸಬೇಕು, ಪೆಟ್ಟಿಗೆಯ ಜೊತೆಗೇ ನಡೆಸಿಕೊಂಡು ಹೋಗುತ್ತೇವೆ. ಅವಳ ನಡಿಗೆಗೆ ಹನ್ನೆರಡು ನಿಮಿಷ ಸಾಲದು. ಇವತ್ತು ಗಂಟೆಗೆ ಕಾಯುವುದಿಲ್ಲ, ಪಟ್ಟಿಯನ್ನು ಲಿಖಿತಾ ಕೈಯಲ್ಲಿ ಬರೆದಿದ್ದಾಳೆ. ತೆಗೆದುಕೊಳ್ಳಿ.

ಈಗ ಮೂರು ಗಂಟೆ. ಸರಿಯಾದ ಮೂರು.

ಧರ್ಮಪ್ಪ